ಕುಂಡದ ಸ್ಟ್ರಾಬೆರಿ, ಊರಿನ ಚಳಿ ಮತ್ತು ವಿಜ್ಞಾನದ ಪಾಠ

(ಗಡಿನಾಡಿನ ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸ್ಟ್ರಾಬೆರಿ ಬೆಳೆಯುವ ವಿಧಾನವನ್ನು ಹೇಳುವ ಕೈಪಿಡಿಗಳಲ್ಲಿ ಒಂದು ಸಲಹೆ ತಪ್ಪದೆ ಬರುತ್ತದೆ. ಚಳಿಗಾಲ ಬಂದಾಗ ಕುಂಡದ ಗಿಡಗಳಿಗೆ ಹುಲ್ಲು ಹೊದಿಸಬೇಕು, ಕುಂಡಗಳನ್ನು ಗಾಳಿ ತಾಗದ ಕಡೆಗೆ ಸರಿಸಬೇಕು ಎಂಬುದೇ ಆ ಸಲಹೆ. ಹಿಮ ಸುರಿಯುವ ನಾಡುಗಳಲ್ಲಿ ಇದು ಅಕ್ಷರಶಃ ನಿಜ. ನೀಲಗಿರಿಯ ಎತ್ತರದ ಊರುಗಳಲ್ಲಿ ಇದು ಅರ್ಧ ನಿಜ. ಸೊಲ್ಲಾಪುರದಲ್ಲಿಯೋ ರಾಯದುರ್ಗದಲ್ಲಿಯೋ ಇದನ್ನು ಪಾಲಿಸಿದರೆ ಗಿಡಕ್ಕೆ ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು. ಕಾಸರಗೋಡಿನ ಕಡಲ ಕರೆಯಲ್ಲಿ ಈ ವಾಕ್ಯಕ್ಕೆ ಅರ್ಥವೇ ಇಲ್ಲ. ಅಲ್ಲಿ ಹೊದಿಸಿ ಕಾಪಾಡಬೇಕಾದಂಥ ಚಳಿಯೇ ಬೀಳುವುದಿಲ್ಲ.

ಒಂದೇ ವಾಕ್ಯ ನಾಲ್ಕು ಊರುಗಳಲ್ಲಿ ನಾಲ್ಕು ಬಗೆಯಾಗುತ್ತದೆ ಎಂಬ ಈ ಸಂಗತಿಯೇ ಇಂದಿನ ಉಪನ್ಯಾಸದ ವಸ್ತು. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ವಿಜ್ಞಾನದ ಪಾಠ ಬಹುಮಟ್ಟಿಗೆ ಅನುವಾದಗೊಂಡ ಪುಸ್ತಕದ ಮೂಲಕ ಮಗುವನ್ನು ತಲುಪುತ್ತದೆ. ಬೇರೊಂದು ಊರಿನ ಹವೆ, ಬೇರೊಂದು ಊರಿನ ಗಿಡ, ಬೇರೊಂದು ಭಾಷೆಯ ವಾಕ್ಯ ಕನ್ನಡದ ಉಡುಪು ತೊಟ್ಟು ಬರುತ್ತವೆ. ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತದೆ, ಮರೆಯುತ್ತದೆ. ಕ್ರಮೇಣ ಅದರ ಮನಸ್ಸಿನಲ್ಲಿ ಒಂದು ನಂಬಿಕೆ ಬೇರೂರುತ್ತದೆ: ಕನ್ನಡವೆಂದರೆ ಪದ್ಯ ಓದುವುದಕ್ಕೆ, ಮನೆಯಲ್ಲಿ ಮಾತನಾಡುವುದಕ್ಕೆ, ಲೋಕವನ್ನು ಅಳೆದು ತಿಳಿಯುವುದಕ್ಕೆ ಬೇರೆ ಭಾಷೆ ಬೇಕು. ಈ ನಂಬಿಕೆಯನ್ನು ಭಾಷಣದಿಂದ ಕೀಳಲಾಗದು. ಮಗು ತಾನೇ ಅಳೆದು, ತಾನೇ ಕಂಡು, ಕಂಡದ್ದನ್ನು ಕನ್ನಡದಲ್ಲಿ ಬರೆದಾಗ ಮಾತ್ರ ಅದು ಸಡಿಲಗೊಳ್ಳುತ್ತದೆ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಮೂರು ಕುಂಡ, ಮೂರು ಸಸಿ ಮತ್ತು ಒಂದು ಚಳಿಗಾಲ ಸಾಕು.

ಸ್ಟ್ರಾಬೆರಿಯನ್ನೇ ಏಕೆ ಆರಿಸಬೇಕು ಎಂಬ ಪ್ರಶ್ನೆ ಸಹಜ. ಅದು ಈ ನೆಲದ ಬೆಳೆಯಲ್ಲ ಎಂದು ಹಲವರು ಹೇಳಬಹುದು. ನಿಜವಾಗಿ ನೋಡಿದರೆ, ಇಂದು ಅಂಗಡಿಯಲ್ಲಿ ಕಾಣುವ ದೊಡ್ಡ ಸ್ಟ್ರಾಬೆರಿ ಯಾವ ನೆಲದ ಕಾಡಿನಲ್ಲಿಯೂ ತಾನಾಗಿ ಹುಟ್ಟಿದ್ದಲ್ಲ. ಅದರ ಕಥೆ ಕುಂಡದಿಂದಲೇ ಆರಂಭವಾಗುತ್ತದೆ ಎಂದರೂ ಸಲ್ಲುತ್ತದೆ. 1712ರಲ್ಲಿ ಫ್ರಾನ್ಸಿನ ಸೇನಾ ಎಂಜಿನಿಯರ್ ಅಮೆಡೆ ಫ್ರಾನ್ಸ್ವಾ ಫ್ರೆಝಿಯೇ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋದನು. ಅಲ್ಲಿನ ಜನ ಬೆಳೆಯುತ್ತಿದ್ದ ದಪ್ಪ ಹಣ್ಣಿನ ಸ್ಟ್ರಾಬೆರಿಯನ್ನು ಕಂಡು, 1714ರಲ್ಲಿ ಮರಳುವಾಗ ಕೆಲವು ಗಿಡಗಳನ್ನು ಹಡಗಿನಲ್ಲಿ ತಂದನು. ಕುಡಿಯುವ ನೀರಿಗೇ ಕಷ್ಟವಿದ್ದ ಆ ದೀರ್ಘ ಯಾನದಲ್ಲಿ ಬದುಕಿ ಉಳಿದ ಗಿಡಗಳು ಐದು ಮಾತ್ರ. ಫ್ರಾನ್ಸಿನ ಮಣ್ಣಿನಲ್ಲಿ ಅವು ಹುಲುಸಾಗಿ ಬೆಳೆದವು, ಹೂ ಬಿಟ್ಟವು. ಆದರೆ ಹಣ್ಣು ಕೊಡಲಿಲ್ಲ. ಚಿಲಿಯ ಆ ಜಾತಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ದೊಡ್ಡ ಹಣ್ಣಿರುವ ಗಿಡಗಳನ್ನೇ ಆರಿಸಿ ತಂದಿದ್ದರಿಂದ ಬಂದವೆಲ್ಲ ಹೆಣ್ಣು ಗಿಡಗಳಾಗಿದ್ದವು. ಮುಂದೆ ಉತ್ತರ ಅಮೆರಿಕದಿಂದ ಬಂದಿದ್ದ ವರ್ಜೀನಿಯ ಜಾತಿಯ ಸ್ಟ್ರಾಬೆರಿಯ ಪಕ್ಕದಲ್ಲಿ ಅವುಗಳನ್ನು ನೆಟ್ಟಾಗ ಹಣ್ಣಾಯಿತು. ಆ ಹಣ್ಣಿನ ಬೀಜದಿಂದ ಎರಡರ ಗುಣವೂ ಕೂಡಿದ ಹೊಸ ಗಿಡಗಳು ಹುಟ್ಟಿದವು. 1766ರಲ್ಲಿ ಆಂತ್ವಾನ್ ನಿಕೊಲಾ ದ್ಯುಶೇನ್ ಎಂಬ ತರುಣ ಸಸ್ಯಶಾಸ್ತ್ರಜ್ಞ ಈ ಹೊಸ ಸ್ಟ್ರಾಬೆರಿ ಎರಡು ಜಾತಿಗಳ ಸಂಕರವೆಂದು ತೋರಿಸಿಕೊಟ್ಟನು. ಇಂದು ಲೋಕವೆಲ್ಲ ತಿನ್ನುವುದು ಅದರ ಸಂತತಿಯನ್ನೇ.

ಪರಾಗಸ್ಪರ್ಶದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಥೆ ದೊರೆಯುವುದು ಕಷ್ಟ. ಹೂ ಬಿಟ್ಟೂ ಹಣ್ಣಾಗದ ಐದು ಗಿಡಗಳ ಒಗಟನ್ನು ಮಕ್ಕಳ ಮುಂದಿಟ್ಟು, ಉತ್ತರವನ್ನು ಅವರಿಂದಲೇ ಹೊರಡಿಸಬಹುದು. ನೀಲಗಿರಿಯ ಶಿಕ್ಷಕರಿಗೆ ಇನ್ನೊಂದು ಸಂಗತಿಯೂ ಒದಗಿಬರುತ್ತದೆ. ಸಸ್ಯಶಾಸ್ತ್ರದಲ್ಲಿ ಫ್ರಗಾರಿಯ ನೀಲ್ಗೆರೆನ್ಸಿಸ್ ಎಂಬ ಕಾಡು ಸ್ಟ್ರಾಬೆರಿಯಿದೆ. ಅದು ನೀಲಗಿರಿಯ ಹೆಸರನ್ನೇ ಹೊತ್ತಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಶಿಕ್ಷಕರು ತಮ್ಮದೇ ರಾಜ್ಯದ ಮಹಾಬಳೇಶ್ವರವನ್ನು ಹೆಸರಿಸಬಹುದು. ಕೃಷ್ಣೆ ಹುಟ್ಟುವ ಆ ಬೆಟ್ಟದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಇನ್ನು ಗಿಡದ ರಚನೆ. ಸ್ಟ್ರಾಬೆರಿ ಒಂದು ಗೇಣಿಗಿಂತ ಎತ್ತರ ಬೆಳೆಯದ, ಹಲವು ವರ್ಷ ಬದುಕುವ ಗಿಡ. ಅದರ ಕಾಂಡ ಬಲು ಮೊಟಕು. ಮಣ್ಣಿನ ಮಟ್ಟದಲ್ಲಿ ಹೆಬ್ಬೆರಳ ಗಾತ್ರದ ಒಂದು ಗಂಟಿನಂತೆ ಕಾಣುತ್ತದೆ. ಮಕ್ಕಳಿಗೆ ಇದನ್ನು ಗಿಡದ ನೆತ್ತಿ ಎಂದು ಹೇಳಿದರೆ ಕೂಡಲೇ ತಿಳಿಯುತ್ತದೆ. ಎಲೆ, ಹೂಗೊಂಚಲು, ಹಂಬು ಎಲ್ಲವೂ ಈ ನೆತ್ತಿಯಿಂದಲೇ ಹೊರಡುತ್ತವೆ. ನೆಡುವಾಗ ನೆತ್ತಿಯನ್ನು ಮಣ್ಣಿನಲ್ಲಿ ಹೂತರೆ ಅದು ಕೊಳೆಯುತ್ತದೆ. ತೀರ ಮೇಲೆ ಬಿಟ್ಟರೆ ಬೇರು ಹೊರಬಿದ್ದು ಒಣಗುತ್ತದೆ. ನೆತ್ತಿಯ ನಡುಭಾಗ ಮಣ್ಣಿನ ಮಟ್ಟಕ್ಕೆ ಸರಿಯಾಗಿರಬೇಕು. ಶಾಲೆಗಳಲ್ಲಿ ನೆಟ್ಟ ಗಿಡ ಮೊದಲ ವಾರವೇ ಸತ್ತರೆ ಮೊದಲು ನೋಡಬೇಕಾದದ್ದು ಇದನ್ನೇ.

ಬೇರುಗಳು ಆಳಕ್ಕೆ ಇಳಿಯುವುದಿಲ್ಲ. ಬಹುಪಾಲು ಮೇಲಿನ 15 ಸೆಂಟಿಮೀಟರಿನಲ್ಲಿಯೇ ಹರಡಿರುತ್ತವೆ. ಆದ್ದರಿಂದ ಈ ಗಿಡ ಕುಂಡಕ್ಕೆ ಹೊಂದಿಕೊಳ್ಳುತ್ತದೆ. 20 ಸೆಂಟಿಮೀಟರ್ ಆಳ, ಅಷ್ಟೇ ಅಗಲವಿರುವ ಪಾತ್ರೆ ಒಂದು ಗಿಡಕ್ಕೆ ಸಾಕು. ಮಣ್ಣಿನ ಕುಂಡವೇ ಆಗಬೇಕೆಂದಿಲ್ಲ. ಎಣ್ಣೆಯ ಡಬ್ಬ, ಒಡೆದ ಬಕೆಟ್ಟು, ಅಕ್ಕಿಯ ಚೀಲವೂ ಆದೀತು. ತಳದಲ್ಲಿ ಐದಾರು ತೂತುಗಳಿರಬೇಕು, ತೂತುಗಳ ಮೇಲೆ ಹೆಂಚಿನ ಚೂರುಗಳಿರಬೇಕು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವುಗಳನ್ನು ಸಮಪಾಲಿನಲ್ಲಿ ಬೆರೆಸಿ ತುಂಬಬಹುದು. ತೆಂಗಿನ ನಾರಿನ ಪುಡಿ ಸಿಗುವ ಊರಿನಲ್ಲಿ ಮರಳಿನ ಅರ್ಧಪಾಲು ಅದನ್ನು ಹಾಕಿದರೆ ತೇವ ನಿಲ್ಲುತ್ತದೆ. ಸ್ವಲ್ಪ ಹುಳಿಗುಣದ ಮಣ್ಣು ಈ ಗಿಡಕ್ಕೆ ಹಿತ. ರಸಸಾರ, ಎಂದರೆ ಪಿಎಚ್, 5.5ರಿಂದ 6.5ರ ಒಳಗಿದ್ದರೆ ಉತ್ತಮ. ಸೊಲ್ಲಾಪುರದ ಕಪ್ಪು ಎರೆಮಣ್ಣು ಅಂಟಾಗಿ ನೀರು ಹಿಡಿಯುವುದರಿಂದ ಅದನ್ನೇ ನೇರವಾಗಿ ತುಂಬಬಾರದು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ನೀರೆರೆಯುವ ಮೊದಲು ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಬೇಕು. ತೇವವಿದ್ದರೆ ನೀರು ಬೇಡ. ಸರದಿಯ ಪಟ್ಟಿ ಹಾಕಿದ ಶಾಲೆಗಳಲ್ಲಿ ಗಿಡ ಸಾಯುವುದು ನೀರಿಲ್ಲದೆ ಅಲ್ಲ, ಎಲ್ಲರೂ ಪ್ರೀತಿಯಿಂದ ನೀರೆರೆಯುವುದರಿಂದ.

ಈಗ ಚಳಿಯ ವಿಚಾರ. ಕುಂಡದ ಗಿಡಕ್ಕೂ ನೆಲದ ಗಿಡಕ್ಕೂ ಇರುವ ಒಂದು ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ನೆಲದಲ್ಲಿರುವ ಬೇರಿಗೆ ಮೇಲಿನಿಂದ ಮಾತ್ರ ಚಳಿ ತಾಗುತ್ತದೆ. ಕೆಳಗೆ, ಸುತ್ತ ಭೂಮಿಯ ರಾಶಿಯಿದೆ. ಅದು ಹಗಲಿನ ಕಾವನ್ನು ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಕುಂಡದ ಬೇರಿಗೆ ಈ ಆಸರೆಯಿಲ್ಲ. ಮೇಲಿನಿಂದ, ನಾಲ್ಕೂ ಬದಿಯಿಂದ, ಕೆಲವೊಮ್ಮೆ ತಳದಿಂದಲೂ ಗಾಳಿ ತಾಗುತ್ತದೆ. ಆದ್ದರಿಂದ ಕುಂಡದ ಮಣ್ಣು ನೆಲಕ್ಕಿಂತ ಬೇಗ ತಣಿಯುತ್ತದೆ. ಅದೇ ಕಾರಣದಿಂದ ಬೇಸಗೆಯಲ್ಲಿ ನೆಲಕ್ಕಿಂತ ಬೇಗ ಕಾಯುತ್ತದೆ. ಈ ಒಂದು ತತ್ತ್ವ ತಿಳಿದರೆ ಮುಂದಿನದೆಲ್ಲ ಊರಿಗೆ ತಕ್ಕಂತೆ ತಾನಾಗಿ ಹೊಳೆಯುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ಸ್ಟ್ರಾಬೆರಿ ನಿದ್ರಿಸುತ್ತದೆ. ಹೊಸ ಎಲೆ ಬರುವುದಿಲ್ಲ, ಹೂವಿಲ್ಲ. ಅಲ್ಲಿ ಕಾಪಾಡಬೇಕಾದದ್ದು ನೆತ್ತಿಯನ್ನೂ ಬೇರನ್ನೂ. ನೆತ್ತಿಯ ತಾಪ ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗಿಳಿದರೆ ಒಳಗಿನ ಅಂಗಾಂಶ ಹಾಳಾಗತೊಡಗುತ್ತದೆ. ಆದ್ದರಿಂದ ಅಲ್ಲಿನ ಜನ ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಿ, ಸಂದಿಗಳಲ್ಲಿ ತರಗೆಲೆ ತುಂಬಿ, ಮೇಲೆ ಒಂದು ಗೇಣಿನಷ್ಟು ಒಣಹುಲ್ಲು ಹೊದಿಸುತ್ತಾರೆ. ಇಲ್ಲವೇ ಒಲೆಯಿಲ್ಲದ ಕೊಟ್ಟಿಗೆಯಲ್ಲಿಡುತ್ತಾರೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮೊದಲ ಚಳಿ ಬಿದ್ದ ದಿನವೇ ಅವರು ಹೊದಿಸುವುದಿಲ್ಲ. ಕೆಲವು ಚಳಿಯ ರಾತ್ರಿಗಳು ಕಳೆದು ಗಿಡ ನಿದ್ರೆಗೆ ಜಾರಿದ ಮೇಲೆ ಹೊದಿಸುತ್ತಾರೆ. ಬೆಚ್ಚನೆಯ ಮನೆಯೊಳಗೆ ತಂದಿಡುವುದೂ ಇಲ್ಲ. ಮುಂದಿನ ವಸಂತದಲ್ಲಿ ಚೆನ್ನಾಗಿ ಚಿಗುರಿ ಹೂ ಬಿಡಲು ಆ ಗಿಡಕ್ಕೆ ಒಂದಿಷ್ಟು ಚಳಿ ಬೇಕೇ ಬೇಕು. ರಕ್ಷಿಸಬೇಕಾದದ್ದು ಗಾಯದಿಂದ, ಚಳಿಯಿಂದಲ್ಲ. ನಿದ್ರಿಸುವ ಗಿಡಕ್ಕೂ ಆಗಾಗ ಸ್ವಲ್ಪ ನೀರು ಬೇಕು ಎಂಬುದನ್ನು ಮರೆತು, ಚಳಿಗೆ ಉಳಿದ ಗಿಡಗಳನ್ನು ಒಣಗಿಸಿ ಕೊಲ್ಲುವವರೂ ಉಂಟು.

ನೀಲಗಿರಿಯ ಸಂಗತಿ ಬೇರೆ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ನಿರಭ್ರ ರಾತ್ರಿಗಳಲ್ಲಿ ಅಲ್ಲಿನ ತಗ್ಗಿನ ಹುಲ್ಲುಗಾವಲು ಬೆಳಗ್ಗೆ ಬಿಳಿಯಾಗಿ ಕಾಣುತ್ತದೆ. ಆದರೆ ಅಲ್ಲಿ ಹಿಮದ ರಾಶಿ ಬೀಳುವುದಿಲ್ಲ, ಹಗಲಿನಲ್ಲಿ ಒಳ್ಳೆಯ ಬಿಸಿಲಿರುತ್ತದೆ. ಆದ್ದರಿಂದ ಗಿಡ ಪೂರ್ತಿ ನಿದ್ರಿಸುವುದಿಲ್ಲ, ಹೂ ಬಿಡುತ್ತಲೇ ಇರುತ್ತದೆ. ನೆತ್ತಿಗೆ ಅಲ್ಲಿ ಅಪಾಯವಿಲ್ಲ, ಅಪಾಯವಿರುವುದು ಹೂವಿಗೆ. ಅರಳಿದ ಹೂವಿನ ತಾಪ ಮೈನಸ್ 1 ಡಿಗ್ರಿಯ ಆಸುಪಾಸಿಗೆ ಇಳಿದರೆ ನಡುವಿನ ಶಲಾಕೆಗಳು ಸತ್ತುಹೋಗುತ್ತವೆ. ಎಸಳುಗಳು ಬೆಳ್ಳಗೆ ಚೆಂದವಾಗಿಯೇ ಉಳಿಯುತ್ತವೆ, ನಡುವಿನ ಹಳದಿ ಗುಬುಟು ಮಾತ್ರ ಕಪ್ಪಾಗುತ್ತದೆ. ಆ ಹೂ ಹಣ್ಣಾಗುವುದಿಲ್ಲ. ಬೆಳಗ್ಗೆ ಶಾಲೆಗೆ ಬಂದ ಮಗು ಹೂವನ್ನು ಕಂಡು ಎಲ್ಲವೂ ಸರಿಯಾಗಿದೆ ಎಂದುಕೊಳ್ಳುತ್ತದೆ. ಹತ್ತಿರ ಬಾಗಿ ನಡುವನ್ನು ನೋಡುವಂತೆ ಹೇಳುವುದೇ ಶಿಕ್ಷಕರ ಕೆಲಸ.

ಇಂಥ ರಾತ್ರಿಗಳಿಗೆ ಉಪಾಯ ಸುಲಭ. ಹಗಲಿನಲ್ಲಿಯೇ ಮಣ್ಣಿಗೆ ನೀರೆರೆಯಬೇಕು. ಒದ್ದೆ ಮಣ್ಣು ಒಣಮಣ್ಣಿಗಿಂತ ಹೆಚ್ಚು ಕಾವನ್ನು ಹಿಡಿದಿಡುತ್ತದೆ. ತಣ್ಣನೆಯ ಗಾಳಿ ಭಾರವಾದುದರಿಂದ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಆದ್ದರಿಂದ ಕುಂಡಗಳನ್ನು ಅಂಗಳದ ತಗ್ಗಿನಿಂದ ಜಗಲಿಗೆ, ಗೋಡೆಯ ಮಗ್ಗುಲಿಗೆ ಸರಿಸಬೇಕು. ಹಗಲು ಬಿಸಿಲುಂಡ ಕಲ್ಲಿನ ಗೋಡೆ ರಾತ್ರಿ ಅವುಗಳಿಗೆ ಕಾವು ಕೊಡುತ್ತದೆ. ಸರಿಸಲಾಗದ ಕುಂಡಗಳ ಮೇಲೆ ಬಿದಿರಿನ ಕಡ್ಡಿ ಬಗ್ಗಿಸಿ ಕಮಾನು ಮಾಡಿ, ಸಂಜೆ ಬಿಸಿಲಿಳಿಯುವ ಮೊದಲೇ ಹಳೆಯ ಪಂಚೆಯನ್ನೋ ಗೋಣಿಚೀಲವನ್ನೋ ಹೊದಿಸಬೇಕು. ಬಟ್ಟೆ ನೆಲದವರೆಗೆ ಇಳಿದಿರಬೇಕು, ಹೂವಿಗೆ ತಾಗಿರಬಾರದು. ಬೆಳಗ್ಗೆ ಬಿಸಿಲು ಬಂದೊಡನೆ ತೆಗೆಯಲೇಬೇಕು. ತೆಗೆಯದಿದ್ದರೆ ಗಿಡಕ್ಕೆ ಬೆಳಕಿಲ್ಲ, ಹೂವಿಗೆ ಜೇನು ಬರುವುದಿಲ್ಲ.

ಮಹಾಬಳೇಶ್ವರದಲ್ಲಿ ಮಳೆ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಸಿ ನೆಡುತ್ತಾರೆ; ಚಳಿಗಾಲವೇ ಅಲ್ಲಿ ಫಸಲಿನ ಕಾಲ. ವಿಂಟರ್ ಡಾನ್, ಸ್ವೀಟ್ ಚಾರ್ಲಿ, ಕಾಮರೋಸ ಮೊದಲಾದ ತಳಿಗಳು ಅಲ್ಲಿ ಬೆಳೆಯುತ್ತವೆ. ಹೊಸೂರು, ತಾಳವಾಡಿ, ವಯನಾಡುಗಳ ಪ್ರಸ್ಥಭೂಮಿಯಲ್ಲಿಯೂ ಅಕ್ಟೋಬರಿನ ಕೊನೆಗೆ ನೆಟ್ಟು ಚಳಿಯ ತಿಂಗಳುಗಳನ್ನು ಹೀಗೆಯೇ ಬಳಸಿಕೊಳ್ಳಬಹುದು. ಸೊಲ್ಲಾಪುರ, ಆದೋನಿ, ರಾಯದುರ್ಗದ ಬಯಲಿನಲ್ಲಿ ಡಿಸೆಂಬರಿನಲ್ಲಿಯೂ ಹಗಲಿನ ತಾಪ 30 ಡಿಗ್ರಿಯ ಹತ್ತಿರವಿರುತ್ತದೆ. ಅಲ್ಲಿ ಚಳಿಗಾಲ ಗಿಡದ ಶತ್ರುವಲ್ಲ, ಏಕೈಕ ಮಿತ್ರ. ಆ ಎರಡು ಮೂರು ತಿಂಗಳು ಗಿಡಕ್ಕೆ ಪೂರ್ತಿ ಗಾಳಿ ಬೆಳಕು ಸಿಗಬೇಕು. ಹೊದಿಕೆ ಬೇಕಾಗುವುದು ಫೆಬ್ರವರಿಯ ನಂತರ, ಬಿಸಿಲಿನಿಂದ ಕಾಪಾಡಲು. ಕುಂಡದ ಸುತ್ತ ಒದ್ದೆ ಗೋಣಿ ಸುತ್ತಿ, ಮಣ್ಣಿನ ಮೇಲೆ ಜೋಳದ ಕಣಿಕೆಯ ಚೂರುಗಳನ್ನು ಹರಡಿ, ಮಧ್ಯಾಹ್ನ ನೆರಳಿಗೆ ಸರಿಸಬೇಕು. ಅದೇ ಗೋಣಿ, ಅದೇ ಹುಲ್ಲು. ಉದಕಮಂಡಲದಲ್ಲಿ ಕಾವು ಹೊರಹೋಗದಂತೆ ತಡೆದದ್ದು ರಾಯದುರ್ಗದಲ್ಲಿ ಕಾವು ಒಳಬರದಂತೆ ತಡೆಯುತ್ತದೆ. ಉಷ್ಣದ ಅವಾಹಕ ಎಂಬ ಪದವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ಬೇಕೇ?

ಕಾಸರಗೋಡಿನ ಕರಾವಳಿಯಲ್ಲಿ ಸ್ಟ್ರಾಬೆರಿಯನ್ನು ಹಟದಿಂದ ಬೆಳೆಸಬೇಕಾಗಿಲ್ಲ. ಅಲ್ಲಿನ ಶೆಕೆ ಅದಕ್ಕೆ ಒಗ್ಗದು. ಅಲ್ಲಿನ ಶಿಕ್ಷಕರು ಒಂದೆಲಗವನ್ನು ಕುಂಡದಲ್ಲಿ ನೆಡಲಿ. ತುಳುವಿನಲ್ಲಿ ತಿಮರೆ ಎನ್ನುವ, ಮನೆಮನೆಯಲ್ಲಿ ತಂಬುಳಿಯಾಗುವ ಆ ಗಿಡವೂ ಸ್ಟ್ರಾಬೆರಿಯಂತೆಯೇ ನೆಲದ ಮೇಲೆ ಹಂಬು ಚಾಚಿ, ಗೆಣ್ಣುಗೆಣ್ಣಿಗೆ ಬೇರೂರಿ ಹೊಸ ಗಿಡವಾಗುತ್ತದೆ. ಕಾಯಕ ಸಂತಾನೋತ್ಪತ್ತಿಯ ಪಾಠ ಎರಡರಲ್ಲಿಯೂ ಒಂದೇ. ಸ್ಟ್ರಾಬೆರಿಯ ಹಣ್ಣಿನ ಪಾಠಕ್ಕೆ ಅವರಿಗೆ ಗೇರುಹಣ್ಣು ಇದೆ. ಸ್ಟ್ರಾಬೆರಿಯಲ್ಲಿ ತಿನ್ನುವ ಕೆಂಪು ಭಾಗ ಅಂಡಾಶಯವಲ್ಲ, ಊದಿಕೊಂಡ ಪುಷ್ಪಪೀಠ; ಮೇಲೆ ಚುಕ್ಕೆಗಳಂತೆ ಕಾಣುವವೇ ನಿಜವಾದ ಹಣ್ಣುಗಳು, ಅವುಗಳೊಳಗೆ ಒಂದೊಂದು ಬೀಜ. ಗೇರಿನಲ್ಲಿಯೂ ರಸಭರಿತ ಭಾಗ ಹೂವಿನ ತೊಟ್ಟು. ಕೆಳಗೆ ನೇತಾಡುವ ಬೀಜದ ಕಾಯಿಯೇ ನಿಜವಾದ ಫಲ. ಮಿಥ್ಯಾಫಲ ಎಂಬ ಶಬ್ದವನ್ನು ಕರಾವಳಿಯ ಮಗು ತನ್ನ ಹಿತ್ತಿಲಿನ ಮರದಿಂದಲೇ ಕಲಿಯಬಲ್ಲದು.

ಇನ್ನು ತರಗತಿಯಲ್ಲಿ ಮಾಡಿಸಬಹುದಾದ ಕೆಲಸ. ಎತ್ತರದ ಊರಿನ ಶಾಲೆಯಲ್ಲಿ ಒಂದೇ ಗಾತ್ರದ ಮೂರು ಕುಂಡಗಳಿರಲಿ. ಮೊದಲನೆಯದು ಅಂಗಳದಲ್ಲಿ ಬಯಲಿಗೆ, ಎರಡನೆಯದು ಅಂಗಳದಲ್ಲಿಯೇ ಬಟ್ಟೆಯ ಹೊದಿಕೆಯೊಳಗೆ, ಮೂರನೆಯದು ಸೂರಿನ ಕೆಳಗೆ ಗೋಡೆಯ ಮಗ್ಗುಲಿಗೆ. ಪ್ರತಿಯೊಂದರ ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ತೆಳುವಾಗಿ ನೀರಿರಲಿ. ಬೆಳಗ್ಗೆ ಯಾವ ತಟ್ಟೆಯ ನೀರು ಗಟ್ಟಿಯಾಗಿದೆ ಎಂದು ನೋಡಿದರೆ ತಾಪಮಾಪಕವಿಲ್ಲದೆಯೂ ಪ್ರಯೋಗ ನಡೆಯುತ್ತದೆ. ತಾಪಮಾಪಕವಿದ್ದರೆ ಮಣ್ಣಿನೊಳಗೆ 5 ಸೆಂಟಿಮೀಟರ್ ಆಳದಲ್ಲಿ ಅಳೆಯಲಿ. ಜ್ವರ ನೋಡುವ ಮಾಪಕ ಇದಕ್ಕೆ ಬಾರದು, ಅದರ ಅಳತೆ 35 ಡಿಗ್ರಿಯಿಂದ ಮೇಲಕ್ಕೆ. ಕೆಂಪು ದ್ರವದ ಪ್ರಯೋಗಾಲಯದ ಮಾಪಕ ಬೇಕು. ಬಯಲುಸೀಮೆಯಲ್ಲಿ ಇದೇ ಪ್ರಯೋಗವನ್ನು ಮಧ್ಯಾಹ್ನ ಎರಡು ಗಂಟೆಗೆ ಮಾಡಬಹುದು: ಒಂದು ಮಣ್ಣಿನ ಕುಂಡ, ಒಂದು ತಗಡಿನ ಡಬ್ಬ, ಒದ್ದೆ ಗೋಣಿ ಸುತ್ತಿದ ಇನ್ನೊಂದು ತಗಡಿನ ಡಬ್ಬ.

ಹೂವಿನ ಕಾಲದಲ್ಲಿ ಇನ್ನೊಂದು ಪ್ರಯೋಗ. ಎಳೆಗಾಯಿಯೊಂದರ ಒಂದು ಮಗ್ಗುಲಿನ ಚುಕ್ಕೆಗಳನ್ನು ಸೂಜಿಯ ಮೊನೆಯಿಂದ ನಾಜೂಕಾಗಿ ತೆಗೆಯಬೇಕು. ವಾರ ಎರಡು ವಾರ ಕಳೆದಾಗ ಆ ಮಗ್ಗುಲು ಬೆಳೆಯದೆ ಹಣ್ಣು ಸೊಟ್ಟಗಾಗುತ್ತದೆ. ಬೀಜದಿಂದ ಹೊರಡುವ ಆಕ್ಸಿನ್ ಎಂಬ ರಾಸಾಯನಿಕವೇ ಮಾಂಸಲ ಭಾಗವನ್ನು ಬೆಳೆಸುತ್ತದೆ ಎಂಬುದನ್ನು 1950ರಲ್ಲಿ ಜೀನ್ ನಿಶ್ ಎಂಬ ವಿಜ್ಞಾನಿ ಈ ಬಗೆಯ ಪ್ರಯೋಗದಿಂದಲೇ ತೋರಿಸಿದನು. ಪರಾಗ ಸರಿಯಾಗಿ ಬೀಳದ ಹೂವಿನ ಹಣ್ಣು ಏಕೆ ಸೊಟ್ಟಗಿರುತ್ತದೆ ಎಂಬುದಕ್ಕೂ ಇದೇ ಉತ್ತರ.

ಈ ಎಲ್ಲವನ್ನೂ ಮಕ್ಕಳು ದಿನಚರಿಯಲ್ಲಿ ಬರೆಯಬೇಕು: ದಿನಾಂಕ, ಆಕಾಶದ ಸ್ಥಿತಿ, ತಾಪ, ಹೂವಿನ ನಡುವಿನ ಬಣ್ಣ. ಬರೆಯುವಾಗ ಪದದ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಹುಲ್ಲಿನ ಮೇಲೆ ಬಿಳಿಯಾಗಿ ಗಟ್ಟಿಯಾದದ್ದನ್ನು ಏನೆಂದು ಕರೆಯುವುದು? ಪಕ್ಕದ ಮನೆಯ ತಮಿಳಿನವರು ಉರೈಪನಿ ಎನ್ನುತ್ತಾರೆ. ತೆಲುಗಿನ ಮಂಚು, ಮಲೆಯಾಳದ ಮಞ್ಞ್ ಹಿಮಕ್ಕೂ ಸಲ್ಲುತ್ತವೆ, ಮುಸುಕಿಗೂ ಸಲ್ಲುತ್ತವೆ. ಕನ್ನಡದಲ್ಲಿ ಹುಲ್ಲಿನ ಮೇಲಿನ ನೀರಹನಿ ಇಬ್ಬನಿ, ಕಣ್ಣಿಗೆ ಅಡ್ಡ ಬರುವುದು ಮಂಜು, ಗಟ್ಟಿಯಾಗಿ ಸುರಿಯುವುದು ಹಿಮ. ಹಾಗಾದರೆ ಇದು ಹೆಪ್ಪುಗಟ್ಟಿದ ಇಬ್ಬನಿಯೇ? ಒಂದು ಮಗು ಹಾಗೆ ಬರೆದರೆ ಅದು ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳುವ ಒಳ್ಳೆಯ ಪ್ರಯತ್ನ; ಆದರೆ ಇದು ಬಹುಮಟ್ಟಿಗೆ ಹೆಪ್ಪುಗಟ್ಟಿದ ನೀರಹನಿಯಲ್ಲ, ಗಾಳಿಯ ನೀರಾವಿಯೇ ನೇರವಾಗಿ ಗಟ್ಟಿಯಾದದ್ದು ಎಂಬುದನ್ನು ತಿಳಿಸಬೇಕು. ಇನ್ನೊಂದು ಮಗು ಮನೆಯಲ್ಲಿ ಅಜ್ಜಿ ಹೇಳುವ ಪದವನ್ನು ತಂದರೆ ಅದನ್ನೂ ಕಪ್ಪುಹಲಗೆಯ ಮೇಲೆ ಬರೆಯಬೇಕು. ಕೆಂಪು ಶಾಯಿಯಿಂದ ತಿದ್ದಬೇಕಾದದ್ದು ಅಳತೆಯ ತಪ್ಪನ್ನು, ಮನೆಯ ಮಾತನ್ನಲ್ಲ. ಪುಸ್ತಕದ ಪದ ಪರೀಕ್ಷೆಗೆ ಬೇಕು, ಅದನ್ನೂ ಕಲಿಸಬೇಕು. ಆದರೆ ಮಗು ಮೊದಲು ತನ್ನ ಪದದಿಂದ ವಸ್ತುವನ್ನು ಮುಟ್ಟಲಿ, ಆಮೇಲೆ ಪುಸ್ತಕದ ಪದ ಅದರ ಪಕ್ಕದಲ್ಲಿ ಬಂದು ಕೂರಲಿ.

ಕೊನೆಯದಾಗಿ ರಜೆಯ ಸಮಸ್ಯೆ. ಗಿಡಗಳಿಗೆ ಅತ್ಯಂತ ಕಷ್ಟದ ದಿನಗಳಲ್ಲಿಯೇ ಶಾಲೆಗೆ ಬೀಗ ಬೀಳುತ್ತದೆ. ಡಿಸೆಂಬರಿನ ಕೊನೆಯ ರಜೆಯಲ್ಲಿ ಬೆಟ್ಟದ ಮೇಲೆ ಹೊದಿಸುವವರಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಯಲಿನಲ್ಲಿ ನೀರೆರೆಯುವವರಿಲ್ಲ. ಜೂನಿನಲ್ಲಿ ಬಾಗಿಲು ತೆರೆದಾಗ ಸಾಲಾಗಿ ಒಣಗಿದ ಕುಂಡಗಳನ್ನು ಕಾಣುವುದು ಶಾಲಾತೋಟ ಮಾಡಿದ ಪ್ರತಿಯೊಬ್ಬ ಶಿಕ್ಷಕರಿಗೂ ತಿಳಿದ ನೋವು. ಇದಕ್ಕೆ ಸ್ಟ್ರಾಬೆರಿಯೇ ಒಂದು ದಾರಿ ತೋರಿಸುತ್ತದೆ. ಹಣ್ಣಿನ ಕಾಲ ಮುಗಿದೊಡನೆ ಗಿಡ ಹಂಬು ಚಾಚುತ್ತದೆ. ಹಂಬಿನ ತುದಿಯ ಮರಿಯನ್ನು ಕತ್ತರಿಸದೆ, ಪಕ್ಕದಲ್ಲಿಟ್ಟ ಸಣ್ಣ ಡಬ್ಬದ ಮಣ್ಣಿನ ಮೇಲೆ ಬಗ್ಗಿಸಿದ ತಂತಿಯಿಂದ ಒತ್ತಿ ಹಿಡಿಸಬೇಕು. ನಾಲ್ಕರಿಂದ ಆರು ವಾರಗಳಲ್ಲಿ ಅದು ಬೇರೂರುತ್ತದೆ. ಆಗ ಹಂಬನ್ನು ಕತ್ತರಿಸಿದರೆ ಮರಿಗಿಡ ಸ್ವತಂತ್ರ. ರಜೆಗೆ ಮೊದಲು ಇಂಥ ಒಂದೊಂದು ಮರಿಯನ್ನು ಒಂದೊಂದು ಮಗುವಿನ ಮನೆಗೆ ಕಳುಹಿಸಬೇಕು. ಜೂನಿನಲ್ಲಿ ಎಲ್ಲವೂ ಮರಳಿ ಬರುವುದಿಲ್ಲ. ಹತ್ತರಲ್ಲಿ ಮೂರು ಬಂದರೂ ತೋಟ ಉಳಿಯಿತು. ಬಾರದ ಗಿಡ ಏಕೆ ಬಾರಲಿಲ್ಲ ಎಂಬುದನ್ನೂ ದಿನಚರಿಯಲ್ಲಿ ಬರೆಸಬೇಕು. ಆಡು ತಿಂದಿತೆ, ನೀರಿಲ್ಲದೆ ಹೋಯಿತೆ, ಮನೆಯವರು ಊರು ಬಿಟ್ಟು ಕೆಲಸಕ್ಕೆ ಹೋದರೆ? ಆ ಉತ್ತರಗಳಿಂದ ಶಿಕ್ಷಕರಿಗೆ ಮಗುವಿನ ಮನೆಯೂ ಒಂದಿಷ್ಟು ತಿಳಿಯುತ್ತದೆ.

ಫಲ ಎಷ್ಟು ಎಂದು ಕೇಳಿದರೆ, ಮೂರು ಕುಂಡದಿಂದ ದೊಡ್ಡ ಫಸಲು ನಿರೀಕ್ಷಿಸಬಾರದು. ಹೂ ಬಿಟ್ಟ ಸುಮಾರು ಒಂದು ತಿಂಗಳಿಗೆ ಹಣ್ಣಾಗುತ್ತದೆ. ಕಿತ್ತ ಮೇಲೆ ಬಾಳೆ, ಮಾವಿನಂತೆ ಇದು ಮಾಗುವುದಿಲ್ಲವಾದುದರಿಂದ ಪೂರ್ತಿ ಕೆಂಪಾದ ಮೇಲೆಯೇ ಕೀಳಬೇಕು. ತೊಳೆದು, ಉದ್ದಕ್ಕೆ ಸೀಳಿ, ಒಳಗಿನ ಬಿಳಿಯ ತಿರುಳಿನಿಂದ ಪ್ರತಿ ಚುಕ್ಕೆಗೂ ಹೊರಡುವ ಎಳೆಗಳನ್ನು ತೋರಿಸಿ, ಅನಂತರ ಹಂಚಬೇಕು. ಕೆಲವು ಮಕ್ಕಳಿಗೆ ಈ ಹಣ್ಣು ಒಗ್ಗದೆ ತುರಿಕೆಯಾಗುವುದುಂಟು; ಮೊದಲೇ ಮನೆಯವರನ್ನು ವಿಚಾರಿಸುವುದು ಲೇಸು. ನಲವತ್ತು ಮಕ್ಕಳಿಗೆ ಹನ್ನೆರಡು ಹಣ್ಣು ಹಂಚುವುದು ಹೇಗೆಂಬುದನ್ನು ಅಂದಿನ ಗಣಿತದ ಅವಧಿಗೆ ಬಿಡಬಹುದು.

ಕುಂಡದ ಗಿಡಕ್ಕೆ ಸುತ್ತಲ ಭೂಮಿಯ ಆಸರೆಯಿಲ್ಲ, ನಾಲ್ಕೂ ಕಡೆಯ ಗಾಳಿ ಅದಕ್ಕೆ ತಾಗುತ್ತದೆ ಎಂದು ಮೊದಲೇ ಹೇಳಿತು. ಗಡಿನಾಡಿನ ಶಿಕ್ಷಕರಿಗೆ ಆ ಮಾತಿನ ಇನ್ನೊಂದು ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. ಅದು ಹೊರಗಿನ ಗೋಡೆ. ಒಳಗಿನ ಕಾವು ತರಗತಿಯಲ್ಲಿ ಹುಟ್ಟಬೇಕು. ಆ ಮಕ್ಕಳನ್ನು ಸುತ್ತಲ ಭಾಷೆಗಳಿಂದ ಮುಚ್ಚಿಡಬೇಕಾಗಿಲ್ಲ. ಅವು ಅವರಿಗೆ ಬೇಕು, ಅವರು ಬದುಕುವುದು ಅಲ್ಲಿಯೇ. ಮುಂದಿನ ಮಾರ್ಚಿಯ ಹೊತ್ತಿಗೆ ಅವರ ದಿನಚರಿಯಲ್ಲಿ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ, ಅವರ ಊರಿನ ಚಳಿಯನ್ನು ಕುರಿತ ಒಂದು ಪುಟ ಕನ್ನಡ ಇದ್ದರೆ ಸಾಕು. ಸಸಿ ನೆಡುವ ಕಾಲ ಅಕ್ಟೋಬರ್. ಕುಂಡಗಳಿಗೆ ತೂತು ಕೊರೆಯುವ ಕೆಲಸವನ್ನು ಈಗಲೇ ಆರಂಭಿಸಬಹುದು.